ಸ್ಪರ್ಶಕಕ್ಕೆ ಅಡ್ಡ ಬಂದ ಗುಡ್ಡ

ಚಂದ್ರನ ಮುಖದ ಮೇಲೆ ಕಲೆಯೊಂದಿದೆಯಲ್ಲ, ಅದು ನನ್ನ ಕೈಕೆಲಸ. ಗಣಿತದ ಪಾಠಕ್ಕೆಂದು ನಾನೊಂದು ಕಡ್ಡಿ ಮಾಡಿದ್ದೆ. ಅದು ಎಷ್ಟು ನೇರವಾಗಿತ್ತು, ಎಷ್ಟು ಉದ್ದವಾಗಿತ್ತು ಎಂದರೆ, ಒಣಗಲೆಂದು ಕಿಟಕಿಯ ಹೊರಗೆ ಚಾಚಿದಾಗ ತುದಿ ಹೋಗಿ ಚಂದ್ರನ ಕೆನ್ನೆಗೆ ತಾಗಿಬಿಟ್ಟಿತು. ತಪ್ಪಾಯಿತು ಎಂದು ಕೂಗಿ ಹೇಳಿದೆ. ದೂರ ಸ್ವಲ್ಪ ಜಾಸ್ತಿ, ಅವನಿಗೆ ಕೇಳಿಸಿರಲಿಕ್ಕಿಲ್ಲ.

ನಂಬುವುದಿಲ್ಲವೇ? ಬೇಜಾರಿಲ್ಲ, ನನ್ನ ಹೆಂಡತಿಯೂ ನಂಬುವುದಿಲ್ಲ. ನಾನು ಏನೇ ಹೇಳಲಿ, ಅವಳು ಮೊದಲು ಅದರಲ್ಲಿ ಅರ್ಧ ಕಳೆಯುತ್ತಾಳೆ, ಉಳಿದದ್ದರಲ್ಲಿ ಮತ್ತೆ ಅರ್ಧ ಕಳೆಯುತ್ತಾಳೆ, ಆಮೇಲೆ ಇನ್ನೂ ಅರ್ಧ.

"ಹಾಗೆ ಕಳೀತಾನೇ ಹೋದ್ರೆ ಸೊನ್ನೆ ಹತ್ರ ಹತ್ರ ಹೋಗ್ತೀರಿ ಅತ್ತಿಗೆ," ಎಂದು ನನ್ನ ತಂಗಿ ಒಮ್ಮೆ ಹೇಳಿದ್ದಳು. "ನಾವು ಗಣಿತದಲ್ಲಿ ಅದಕ್ಕೇ ಮಿತಿ ಅನ್ನೋದು."

"ನಿಮ್ಮಣ್ಣನಿಗೆ ಮಿತಿ ಅನ್ನೋದು ಎಲ್ಲಿದೆಯಮ್ಮಾ!" ಎಂದಳು ಹೆಂಡತಿ.

ಇಬ್ಬರೂ ಕೈಕೈ ತಟ್ಟಿಕೊಂಡು ನಕ್ಕರು. ನನ್ನ ಮನೆಯಲ್ಲಿ ನನಗೆ ಸಿಗುವ ಮರ್ಯಾದೆ ಇಷ್ಟೇ.

ನಾನು ಮರಗೆಲಸದ ಮೇಷ್ಟ್ರು. ಶಾಲೆಯ ಹಿಂಬದಿಯಲ್ಲಿ, ಸೈಕಲ್ಲು ನಿಲ್ಲಿಸುವ ಜಾಗದ ಪಕ್ಕದ ತಗಡಿನ ಮಾಡಿನ ಕೋಣೆ ನನ್ನ ಸಾಮ್ರಾಜ್ಯ. ನಾನು ಗರಗಸ ಕೈಗೆತ್ತಿಕೊಂಡರೆ ಸಾಕು, ಹಲಗೆಯೇ "ಎಲ್ಲಿ ಸೀಳಲಿ ಸ್ವಾಮಿ?" ಎಂದು ಕೇಳುತ್ತದೆ. ನಾನು ನುಣ್ಣಗೆ ಮಾಡಿದ ಬೆಂಚಿನ ಮೇಲೆ ಕುಳಿತ ಮಕ್ಕಳು ಜಾರಿ ಮುಂದಿನ ತರಗತಿಗೇ ಹೋಗಿ ಬಿದ್ದದ್ದುಂಟು. ಪರೀಕ್ಷೆಯಿಲ್ಲದೆ ಪಾಸಾದವರು ಈ ಶಾಲೆಯಲ್ಲಿ ಅವರಷ್ಟೇ.

ತಂಗಿಯೂ ಇದೇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಆದರೆ ಕೆಳಗಿನ ತರಗತಿಗಳಿಗೆ ಮಾತ್ರ. ಭಿನ್ನರಾಶಿಯಿಂದ ಹಿಡಿದು ಬೀಜಗಣಿತದವರೆಗೆ ಮಕ್ಕಳನ್ನು ಕೈಹಿಡಿದು ನಡೆಸಿಕೊಂಡು ಬರುವವಳು ಅವಳು. ಮೇಲಿನ ತರಗತಿಗೆ ಹೋಗಿ ಕ್ಯಾಲ್ಕುಲಸ್ ಶುರುವಾಯಿತೋ, ಅವರನ್ನು ರೇಡಿಯೋ ಮೇಷ್ಟ್ರ ಕೈಗೆ ಒಪ್ಪಿಸಬೇಕು.

ರೇಡಿಯೋ ಎಂಬ ಹೆಸರು ಇಟ್ಟದ್ದು ಮಕ್ಕಳು. ಗುಂಡಿ ಒತ್ತಿದರೆ ಹಾಡುತ್ತದೆ, ಆದರೆ ನಾವು ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ. ಅವರು ತರಗತಿಗೆ ಕಾಲಿಡುವಾಗಲೇ ಮಂತ್ರ ಶುರು: "ಘಾತ ಕೆಳಗಿಳಿದು ಮುಂದೆ ಬರಲಿ, ಮೇಲೆ ಒಂದು ಕಡಿಮೆಯಾಗಲಿ!" ಮಕ್ಕಳು ಅದನ್ನೇ ಹೇಳಬೇಕು. ಯಾಕೆ ಸರ್ ಎಂದು ಕೇಳಿದರೆ, "ಪರೀಕ್ಷೆಯಲ್ಲಿ ಯಾಕೆ ಅಂತ ಕೇಳಲ್ಲ, ಎಷ್ಟು ಅಂತ ಕೇಳ್ತಾರೆ," ಎನ್ನುವರು. ಕೆಟ್ಟ ಮನುಷ್ಯರಲ್ಲ. ಕೊಡೆ ಮರೆತ ಮಕ್ಕಳಿಗೆ ತಮ್ಮ ಕೊಡೆ ಕೊಟ್ಟು ತಾವು ನೆನೆದುಕೊಂಡು ಹೋಗುವವರು. ಆದರೆ ಪ್ರತಿ ವರ್ಷವೂ ಅರ್ಧ ತರಗತಿ, ನಡುವಿನಲ್ಲೇ, ಗಣಿತ ನಮ್ಮ ಹಣೆಯಲ್ಲಿ ಬರೆದಿಲ್ಲ ಎಂದು ಬೇರೆ ವಿಷಯಕ್ಕೆ ಎದ್ದು ಹೋಗುತ್ತಿತ್ತು. ಹಾಗೆ ಎದ್ದು ಹೋಗುವವರೆಲ್ಲ ತಂಗಿ ಬೆಳೆಸಿದ ಮಕ್ಕಳೇ. ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಅವಳ ಮುಖ ನೋಡದೆ, ವರಾಂಡ ದಾಟುತ್ತಿದ್ದರು. ಆ ದಿನ ಮನೆಯಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ.

ಈ ವರ್ಷ ಅವಳು ನೇರವಾಗಿ ಹೆಡ್‌ಮಾಸ್ಟರ ಕೋಣೆಗೆ ಹೋಗಿ, "ಆ ತರಗತಿ ನನಗೆ ಕೊಡಿ ಸರ್," ಎಂದು ಕೇಳಿಯೇಬಿಟ್ಟಳು. ಹೆಡ್‌ಮಾಸ್ಟರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಹೊರಗಿನಿಂದ ಒಬ್ಬ ಪರೀಕ್ಷಕಿಯನ್ನು ಕರೆಸುತ್ತೇನೆ, ಸ್ಪರ್ಶಕ ಮತ್ತು ಡಿರೈವೆಟಿವ್ ಬಗ್ಗೆ ಒಂದು ಮಾದರಿ ಪಾಠ ಮಾಡಿ, ಅವರು ಒಪ್ಪಿದರೆ ತರಗತಿ ನಿಮಗೆ, ಇಲ್ಲದಿದ್ದರೆ ಇನ್ನು ಈ ಮಾತು ಎತ್ತಬಾರದು ಎಂದರು.

ಅಲ್ಲಿಂದ ತಂಗಿ ನೇರವಾಗಿ ಬಂದದ್ದು ನನ್ನ ಸಾಮ್ರಾಜ್ಯಕ್ಕೆ. ಕಂಕುಳಲ್ಲಿ ಕಂದು ಕಾಗದದ ಸುರುಳಿ.

"ಅಣ್ಣಾ, ನಿನ್ನ ಬಡಾಯಿ ಪಕ್ಕಕ್ಕಿಟ್ಟು ಒಂದು ಸಾಮಾನು ಮಾಡಿಕೊಡ್ತೀಯಾ?"

"ಬಡಾಯಿ ಪಕ್ಕಕ್ಕಿಟ್ರೆ ಸಾಮಾನು ಆಗಲ್ಲಮ್ಮ. ನನ್ನ ಗೋಂದೇ ಅದು."

ಅವಳು ಕಾಗದ ಬಿಡಿಸಿ ಮೇಜಿನ ಮೇಲೆ ಹಾಸಿದಳು. ಅದರ ಮೇಲೊಂದು ವಕ್ರರೇಖೆ: ಎಡಗಡೆ ಒಂದು ಚಿಕ್ಕ ಗುಡ್ಡ, ನಡುವೆ ಕಣಿವೆ, ಬಲಗಡೆ ಒಂದು ದೊಡ್ಡ ಗುಡ್ಡ.

"ಇದನ್ನ ದಪ್ಪ ಹಲಗೆಯಲ್ಲಿ ಕೊಯ್ದುಕೊಡು. ಇದರ ಅಂಚಿನ ಮೇಲೆ ಓಡೋಕೆ ಒಂದು ಪುಟ್ಟ ಗಾಡಿ ಬೇಕು. ಎರಡೇ ಚಕ್ರ, ಒಂದರ ಹಿಂದೆ ಒಂದು. ನಡುವಿನ ಅಂತರ ಹೆಚ್ಚು ಕಡಿಮೆ ಮಾಡೋ ಹಾಗಿರಬೇಕು. ಗಾಡಿ ಮೇಲೊಂದು ನೇರ ಕಡ್ಡಿ."

"ಕಡ್ಡಿ ಯಾಕೆ?"

"ಚಕ್ರ ದೂರ ದೂರ ಇದ್ದಾಗ ಕಡ್ಡಿ ಎರಡು ಬಿಂದುಗಳನ್ನ ಸೇರಿಸೋ ರೇಖೆ ತೋರಿಸುತ್ತೆ. ಅದು ಛೇದಕ. ಚಕ್ರಗಳನ್ನ ಹತ್ರ ತರ್ತಾ ಹೋದ್ರೆ ಕಡ್ಡಿ ನಿಧಾನವಾಗಿ ತಿರುಗುತ್ತಾ ತಿರುಗುತ್ತಾ ಒಂದು ಕಡೆ ನಿಲ್ಲೋಕೆ ನೋಡುತ್ತೆ. ಅದೇ ಸ್ಪರ್ಶಕ. ಆ ಕಡ್ಡಿ ಎಷ್ಟು ಓರೆಯಾಗಿದೆಯೋ ಅದೇ ಆ ಜಾಗದ ಡಿರೈವೆಟಿವ್. ಮಂತ್ರ ಬೇಡ, ಕಣ್ಣಿಗೇ ಕಾಣುತ್ತೆ." ಅವಳು ಕಾಗದದ ಮಡಿಸಿಹೋದ ಮೂಲೆಯನ್ನು ನೇರ ಮಾಡಿದಳು. ಆಮೇಲೆ, "ಇದೊಂದು ಕೈ ಹಿಡಿದ್ರೆ ಸಾಕಣ್ಣಾ. ಇಲ್ಲದಿದ್ರೆ ಆ ಮಕ್ಕಳನ್ನ ಹೀಗೇ ಕಳ್ಕೊಳ್ತಾ ಕೂರಬೇಕು," ಎಂದಳು.

ತಂಗಿ ಹೀಗೆ ಮೆಲ್ಲಗೆ ಮಾತಾಡಿದರೆ ನನಗೆ ತಡೆಯಲಾಗುವುದಿಲ್ಲ. ಅಂದೇ ಕೆಲಸಕ್ಕೆ ಕುಳಿತೆ. ಕಾಗದವನ್ನು ಹಲಗೆಗೆ ಅಂಟಿಸಿ, ರೇಖೆಯ ಮೇಲೆಯೇ ಸಣ್ಣ ಗರಗಸ ಓಡಿಸಿದೆ. ಅಂಚನ್ನು ಉಪ್ಪುಕಾಗದದಿಂದ ಎಷ್ಟು ಉಜ್ಜಿದೆನೆಂದರೆ ಒಂದು ನೊಣ ಬಂದು ಕೂತದ್ದು ಜಾರಿ ಬಿದ್ದು ಸೊಂಟ ಮುರಿದುಕೊಂಡಿತು. ಗಾಡಿಗೆ ಹಳೆಯ ಆಟಿಕೆಯ ಚಕ್ರ ಹಾಕಿದೆ. ಸೀಳಿನಲ್ಲಿ ಜಾರುವಂತೆ, ಬೇಕಾದ ಕಡೆ ತಿರುಪು ಬಿಗಿದು ನಿಲ್ಲಿಸುವಂತೆ. ಕಡ್ಡಿ ಕೊನೆಯ ಬೆಂಚಿನವರಿಗೂ ಕಾಣಬೇಕು ಎಂದಿದ್ದಳು ತಂಗಿ. ಹಾಗಾಗಿ ಉದ್ದವಾಗಿಯೇ ಮಾಡಿದೆ. ಎಷ್ಟು ಉದ್ದ ಎಂದು ಚಂದ್ರನನ್ನು ಕೇಳಿ.

ಪಾಠದ ಹಿಂದಿನ ದಿನ ತಂಗಿ ಬಂದು ಗಾಡಿಯನ್ನು ಎಡತುದಿಯ ಏರಿನ ಮೇಲೆ ಓಡಿಸಿ ನೋಡಿ, ನನ್ನ ಬೆನ್ನು ತಟ್ಟಿ ಹೋದಳು. ಬಣ್ಣ ಬಳಿಯುವುದೊಂದು ಬಾಕಿ. ಅವಳು ಹೋದ ಮೇಲೆ ನಾನು ಸುಮ್ಮನೆ ಗಾಡಿಯನ್ನು ಚಿಕ್ಕ ಗುಡ್ಡದ ನೆತ್ತಿಯ ಮೇಲೆ ನಿಲ್ಲಿಸಲು ಹೋದೆ. ಟಕ್ ಎಂದಿತು. ಕಡ್ಡಿಯ ತುದಿ ಹೋಗಿ ದೊಡ್ಡ ಗುಡ್ಡದ ಹೊಟ್ಟೆಗೆ ಗುದ್ದಿತು. ಹಿಂದಿನ ಚಕ್ರ ಮೇಲೆದ್ದಿತು. ಮತ್ತೆ ನಿಲ್ಲಿಸಿದೆ, ಮತ್ತೆ ಟಕ್.

ಸ್ಪರ್ಶಕ ಎಂದರೆ ಏನು? ಒಂದೇ ಒಂದು ಬಿಂದುವಿನಲ್ಲಿ ಮುಟ್ಟಿಹೋಗುವ ರೇಖೆ. ಇದನ್ನು ನಾನು ಹುಡುಗನಾಗಿದ್ದಾಗ ವೃತ್ತದ ಪಾಠದಲ್ಲಿ ಕಲಿತಿದ್ದೆ. ಬೆರಳ ಗಂಟಿನ ಮೇಲೆ ಅಡ್ಡಪಟ್ಟಿಯ ಏಟು ತಿಂದು ಕಲಿತದ್ದು, ಮರೆಯುವುದು ಹೇಗೆ? ಇಲ್ಲಿ ನೋಡಿದರೆ ಕಡ್ಡಿ ಒಂದು ಗುಡ್ಡವನ್ನು ಮುಟ್ಟಿ, ಇನ್ನೊಂದು ಗುಡ್ಡಕ್ಕೂ ಹೋಗಿ ಹಾಯುತ್ತಿದೆ! ಎರಡು ಕಡೆ ಮುಟ್ಟಿದರೆ ಅದೆಂಥ ಸ್ಪರ್ಶಕ? ಅಯ್ಯೋ, ನನ್ನ ತಂಗಿ ಗಡಿಬಿಡಿಯಲ್ಲಿ ಚಿತ್ರವನ್ನೇ ತಪ್ಪು ಬರೆದಿದ್ದಾಳೆ. ನಾಳೆ ಪರೀಕ್ಷಕಿಯ ಮುಂದೆ, ರೇಡಿಯೋ ಮೇಷ್ಟ್ರ ಮುಂದೆ, ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ.

ಹೇಳೋಣವೇ ಎಂದುಕೊಂಡೆ. ಬೇಡ, ಮೊದಲೇ ಹೆದರಿದ್ದಾಳೆ. ಅಣ್ಣ ಎಂದರೆ ತಂಗಿಯ ತಪ್ಪನ್ನು ಸದ್ದಿಲ್ಲದೆ ಸರಿಮಾಡುವವನು. ಗರಗಸ ಕೈಗೆತ್ತಿಕೊಂಡು ದೊಡ್ಡ ಗುಡ್ಡದ ತಲೆ ಹಾರಿಸಿಬಿಟ್ಟೆ. ಉಳಿದ ಮೊಂಡನ್ನು ಚಿಕ್ಕ ಗುಡ್ಡಕ್ಕಿಂತ ತಗ್ಗಾಗಿ ದುಂಡಗೆ ಉಜ್ಜಿ, ಇಡೀ ಹಲಗೆಗೆ ನೀಲಿ ಬಣ್ಣ ಬಳಿದೆ. ಈಗ ಗಾಡಿ ಚಿಕ್ಕ ಗುಡ್ಡದ ಮೇಲೆ ರಾಜನಂತೆ ನಿಂತಿತು, ಕಡ್ಡಿ ಯಾವ ಅಡ್ಡಿಯೂ ಇಲ್ಲದೆ ಆಕಾಶಕ್ಕೆ ಚಾಚಿತು. ನನ್ನ ತಲೆಗೆ ನಾನೇ ಒಂದು ಕಿರೀಟ ಇಟ್ಟುಕೊಂಡೆ.

ಮನೆಯಲ್ಲಿ ಹೆಂಡತಿ ನನ್ನ ಮುಖ ನೋಡಿದವಳೇ, "ಏನು, ತುಂಬಾ ಹಿಗ್ಗಿದ್ದೀರಿ? ಏನೋ ಎಡವಟ್ಟು ಮಾಡಿದ್ದೀರಿ," ಎಂದಳು.

"ನಾಳೆ ನೋಡು. ಚರಿತ್ರೆ ನಿರ್ಮಾಣ ಆಗುತ್ತೆ."

"ಅದೇ ಹೇಳಿದ್ದು, ಎಡವಟ್ಟು ಅಂತ."

ಮರುದಿನ ಹಲಗೆಗೆ ಬಿಳಿ ಬಟ್ಟೆ ಹೊದಿಸಿ ತರಗತಿಗೆ ಹೊತ್ತುಕೊಂಡು ಹೋದೆ. ಮೊದಲೇ ತೋರಿಸು ಎಂದು ತಂಗಿ ಎಷ್ಟು ಕೇಳಿದರೂ ಬಿಡಲಿಲ್ಲ. ಅನಾವರಣಕ್ಕೂ ಒಂದು ಗತ್ತು ಬೇಡವೇ? ಕರಿಹಲಗೆಯ ಮುಂದೆ ಮೇಜಿನ ಮೇಲೆ ಅದನ್ನು ನಿಲ್ಲಿಸಿದೆ. ಪರೀಕ್ಷಕಿ ಹಿಂದಿನ ಬಾಗಿಲಿನ ಹತ್ತಿರ ಕುಳಿತಿದ್ದರು. ನರೆತ ಕೂದಲು, ದಪ್ಪ ಕನ್ನಡಕ, ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಪಕ್ಕದಲ್ಲಿ ಹೆಡ್‌ಮಾಸ್ಟರು, ಆಚೆ ರೇಡಿಯೋ ಮೇಷ್ಟ್ರು. ನಾನು ಜಾದೂಗಾರನ ಹಾಗೆ ಬಟ್ಟೆ ಸರ್ರೆಂದು ಎಳೆದೆ. ಮಕ್ಕಳು "ಓಹ್" ಎಂದರು. ಆ ಕೂಗಿಗೆ ಕಿಟಕಿಯ ಗಾಜು ಒಡೆಯಿತು. ಮೊದಲೇ ಒಡೆದಿತ್ತೋ ಏನೋ, ಇರಲಿ.

ತಂಗಿಯ ಕಣ್ಣು ಹಲಗೆಯ ಬಲಗಡೆಗೆ ಹೋಗಿ ಅಲ್ಲೇ ಒಂದು ಗಳಿಗೆ ನಿಂತಿತು. ನನ್ನ ಬಣ್ಣ ಮೆಚ್ಚಿಕೊಂಡಳು ಎಂದುಕೊಂಡೆ. ಆಮೇಲೆ ಅವಳು ಉಸಿರೆಳೆದುಕೊಂಡು ಮಕ್ಕಳ ಕಡೆ ತಿರುಗಿದಳು.

"ನೇರವಾದ ರಸ್ತೆ ಎಷ್ಟು ಏರು ಅಂತ ಹೇಳೋದು ಸುಲಭ. ಎಷ್ಟು ಮೇಲೆ ಹೋದ್ವಿ, ಎಷ್ಟು ಮುಂದೆ ಹೋದ್ವಿ, ಭಾಗಿಸಿದ್ರೆ ಆಯ್ತು. ಆದ್ರೆ ಈ ಗುಡ್ಡ ಒಂದೊಂದು ಕಡೆ ಒಂದೊಂದು ಥರ. ಇಲ್ಲಿ, ನನ್ನ ಬೆರಳಿರೋ ಜಾಗದಲ್ಲೇ, ಎಷ್ಟು ಏರು? ಯಾರು ಹೇಳ್ತೀರಿ?"

"ಒಂದೇ ಬಿಂದು ಇದ್ರೆ ಭಾಗಿಸೋದು ಹೇಗೆ ಮಿಸ್?" ಎಂದಿತು ಮುಂದಿನ ಬೆಂಚು.

"ಅದೇ ಕಷ್ಟ. ಅದಕ್ಕೇ ಎರಡು ಚಕ್ರ ತಂದಿದ್ದೀನಿ."

ಅವಳು ಗಾಡಿಯನ್ನು ಏರಿನ ಮೇಲಿಟ್ಟು ಚಕ್ರಗಳನ್ನು ದೂರ ಮಾಡಿದಳು. ಕಡ್ಡಿ ಒಂದು ಓರೆ ತೋರಿಸಿತು. ಒಬ್ಬ ಹುಡುಗ ಬಂದು ಅಳತೆಪಟ್ಟಿ ಹಿಡಿದು ಅಳೆದ. ಚಕ್ರ ಹತ್ತಿರ ತಂದಳು, ಕಡ್ಡಿ ತಿರುಗಿತು. ಇನ್ನೂ ಹತ್ತಿರ, ಇನ್ನೂ ಸ್ವಲ್ಪ ತಿರುಗಿತು. ಮತ್ತೂ ಹತ್ತಿರ, ಈಗ ತಿರುಗಿತೋ ಇಲ್ಲವೋ ಗೊತ್ತಾಗದಷ್ಟು.

"ಎರಡು ಚಕ್ರಾನೂ ಒಂದೇ ಕಡೆ ತಂದುಬಿಟ್ರೆ ಮಿಸ್?"

"ಆಗ ಸೊನ್ನೆಯಿಂದ ಭಾಗಿಸಬೇಕಾಗುತ್ತೆ. ಗಾಡಿ ಪಲ್ಟಿ!" ಎಂದು ಅವಳು ಗಾಡಿಯನ್ನು ಮೇಜಿನ ಮೇಲೆ ಮಗುಚಿದಳು. ತರಗತಿಯೆಲ್ಲ ನಕ್ಕಿತು. "ಅಲ್ಲಿಗೆ ಹೋಗೋ ಹಾಗಿಲ್ಲ. ಆದ್ರೆ ಕಡ್ಡಿ ಯಾವ ಕಡೆ ನಿಲ್ಲೋಕೆ ಹೊರಟಿದೆ ಅಂತ ನಿಮಗೆ ಕಾಣ್ತಿದೆ ತಾನೆ? ಆ ರೇಖೆ ಸ್ಪರ್ಶಕ. ಅದರ ಇಳಿಜಾರು ಈ ಜಾಗದ ಡಿರೈವೆಟಿವ್. ಅಷ್ಟೇ ಕಥೆ."

ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ರೇಡಿಯೋ ಮೇಷ್ಟ್ರ ಪಾಠ ಶುರುವಾಯಿತೆಂದರೆ ಬಾಯಿ ತೆರೆದವಳು ಗಂಟೆ ಹೊಡೆದಾಗಲೇ ಮುಚ್ಚುವುದು. ಅದಕ್ಕೇ ಅವಳಿಗೆ ಆಕಳಿಕೆ ಎಂದು ಅಡ್ಡಹೆಸರು. ಮುಂದಿನ ವಾರದಿಂದ ಗಣಿತ ಬಿಡುತ್ತೇನೆಂದು ಆಗಲೇ ಎಲ್ಲರಿಗೂ ಹೇಳಿಕೊಂಡಿದ್ದವಳು. ಆ ಹುಡುಗಿ ಈಗ ಬೆಂಚಿನ ಮೇಲೆ ಮೊಣಕಾಲೂರಿ ಕತ್ತು ಚಾಚಿಕೊಂಡಿದ್ದಳು. ಅವಳ ಬಾಯಿ ಮುಚ್ಚಿದ್ದನ್ನು ನಾನು ಅದೇ ಮೊದಲು ಕಂಡದ್ದು.

ತಂಗಿ ಗಾಡಿಯನ್ನು ಚಿಕ್ಕ ಗುಡ್ಡದ ನೆತ್ತಿಗೆ ತಂದಳು. ಕಡ್ಡಿ ಮಟ್ಟಸವಾಗಿ ಮಲಗಿತು. "ಇಲ್ಲಿ ಇಳಿಜಾರು?"

"ಸೊನ್ನೆ!" ಎಂದು ಇಡೀ ತರಗತಿ ಕೂಗಿತು. ಪಕ್ಕದ ಊರಿನ ಶಾಲೆಯವರು ಬೆಚ್ಚಿಬಿದ್ದು ತಮ್ಮ ಉತ್ತರ ತಿದ್ದಿಕೊಂಡರು.

ಆಗ ರೇಡಿಯೋ ಮೇಷ್ಟ್ರು ಕೆಮ್ಮಿದರು. ಅವರ ಕೈಯಲ್ಲಿ ತಂಗಿ ಎಲ್ಲರಿಗೂ ಹಂಚಿದ್ದ ಹಾಳೆ. ಅದರಲ್ಲಿ ಅದೇ ವಕ್ರರೇಖೆ ಅಚ್ಚಾಗಿತ್ತು.

"ಒಂದು ನಿಮಿಷ. ಹಾಳೆಯಲ್ಲಿ ಬಲಗಡೆ ದೊಡ್ಡ ಗುಡ್ಡ ಇದೆ. ಹಲಗೆಯಲ್ಲಿ ಗುಡ್ಡ ಎಲ್ಲಿ?"

ಎಲ್ಲರ ಕಣ್ಣೂ ಹಾಳೆಗೆ ಹೋಯಿತು, ಹಲಗೆಗೆ ಬಂತು, ಮತ್ತೆ ಹಾಳೆಗೆ ಹೋಯಿತು. ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡರು.

"ಉಪಕರಣಾನೇ ತಪ್ಪು," ಎಂದರು ಮೇಷ್ಟ್ರು, ಹುಲ್ಲಿನ ಬಣವೆಯಲ್ಲಿ ಸೂಜಿ ಕಂಡವರಂತೆ. "ನೋಡಿ ಮೇಡಂ, ಕಟ್ಟಿಗೆ ನಂಬಿದ್ರೆ ಹೀಗೇ. ಸೂತ್ರ ಯಾವತ್ತೂ ಸುಳ್ಳು ಹೇಳಲ್ಲ."

ತಂಗಿ ನನ್ನ ಕಡೆ ನೋಡಿದಳು. ನಾನು ಚಾವಣಿಯ ಕಡೆ ನೋಡಿದೆ. ಚಾವಣಿಯಲ್ಲಿ ಬಹಳ ಒಳ್ಳೆಯ ತೊಲೆಗಳಿದ್ದವು.

ಅವಳು ಕೈಯಲ್ಲಿದ್ದ ಕರಿಹಲಗೆ ಒರೆಸುವ ಬಟ್ಟೆ ಕೆಳಗಿಟ್ಟಳು. ಮುಖ ಬಿಳಿಚಿಕೊಂಡಿತ್ತು. "ಸರ್ ಹೇಳಿದ್ದು ಸರಿ. ಇಲ್ಲೊಂದು ಗುಡ್ಡ ಕಾಣೆಯಾಗಿದೆ. ವಾಪಸ್ ಕಟ್ಟೋಣ," ಎಂದು ಸೀಮೆಸುಣ್ಣ ತೆಗೆದುಕೊಂಡು, ನೀಲಿ ಮೊಂಡಿನ ಹಿಂದಿದ್ದ ಕರಿಹಲಗೆಯ ಮೇಲೆ ಕಳೆದುಹೋದ ಗುಡ್ಡವನ್ನು ಒಂದೇ ಎಳೆತದಲ್ಲಿ ಬರೆದಳು. ಅರ್ಧ ಮರದ ಗುಡ್ಡ, ಅರ್ಧ ಸುಣ್ಣದ ಗುಡ್ಡ. ಚಿಕ್ಕ ಗುಡ್ಡದ ಮೇಲಿನ ಕಡ್ಡಿ ಈಗ ಆ ಬಿಳಿಯ ಗುಡ್ಡದ ಹೊಟ್ಟೆಯ ಮುಂದೆಯೇ ಹಾದುಹೋಗುತ್ತಿತ್ತು.

ಅದನ್ನು ನೋಡಿದ ಕೂಡಲೇ ಅವಳ ಮುಖಕ್ಕೆ ರಕ್ತ ಮರಳಿತು. ಕಣ್ಣು ಮಿಂಚಿತು. ಚಿಕ್ಕವಳಿದ್ದಾಗ ಚೌಕಾಬಾರದಲ್ಲಿ ನನ್ನ ಕಾಯಿ ಕಡಿಯುವ ಮೊದಲು ಹೀಗೆಯೇ ಮಿಂಚುತ್ತಿತ್ತು.

"ಈಗ ಹೇಳಿ. ಈ ಕಡ್ಡಿ ಆಚೆ ಗುಡ್ಡದೊಳಗೆ ನುಗ್ಗಿ ಹೊರಗೆ ಬರ್ತಿದೆ. ಆದ್ರೂ ಇದು ಈ ಚಿಕ್ಕ ಗುಡ್ಡಕ್ಕೆ ಸ್ಪರ್ಶಕಾನಾ? ಅಲ್ಲ ಅನ್ನೋರು ಕೈ ಎತ್ತಿ."

ಕೈಗಳ ಕಾಡೇ ಎದ್ದಿತು. ನನ್ನ ಕೈಯೂ ತಾನಾಗಿ ಎದ್ದಿತ್ತು, ಯಾರೂ ನೋಡುವ ಮೊದಲೇ ತಲೆ ಕೆರೆದುಕೊಂಡೆ.

"ಸ್ಪರ್ಶಕ ಒಂದೇ ಕಡೆ ಮುಟ್ಟಬೇಕು ಮಿಸ್. ವೃತ್ತದ ಪಾಠದಲ್ಲಿ ಹಾಗೇ ಇತ್ತು."

"ಹೌದು ಮಿಸ್, ಇದು ಮೂರು ಕಡೆ ಸೇರ್ತಿದೆ. ಈಗ ಇದು ಛೇದಕ."

"ಲೋ, ಈಗ ತಾನೇ ಸ್ಪರ್ಶಕ ಆಗಿತ್ತಲ್ಲೋ! ಸುಣ್ಣದಲ್ಲಿ ಗೆರೆ ಎಳೆದ ತಕ್ಷಣ ಜಾತಿ ಬದಲಾಗುತ್ತಾ?"

"ಮತ್ತೆ ಪುಸ್ತಕ ಸುಳ್ಳಾ?"

ಗಲಾಟೆಯೋ ಗಲಾಟೆ. ತಂಗಿ ಮೇಜಿಗೊರಗಿ ಎಲ್ಲ ಕೇಳಿಸಿಕೊಂಡಳು. ಹೆಡ್‌ಮಾಸ್ಟರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಆಗ ಹಿಂದಿನಿಂದ ಒಂದು ದನಿ ಬಂತು. ಆಕಳಿಕೆ ಎದ್ದು ನಿಂತಿದ್ದಳು.

"ಮಿಸ್, ಚಕ್ರಕ್ಕೆ ಆ ಗುಡ್ಡ ಇದೆ ಅಂತ್ಲೇ ಗೊತ್ತಿಲ್ಲ."

ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತು.

"ಅಂದ್ರೆ?" ಎಂದಳು ತಂಗಿ.

"ಕಡ್ಡಿ ಹೇಗೆ ಮಲಗಬೇಕು ಅಂತ ಹೇಳೋದು ಚಕ್ರ ತಾನೆ? ಚಕ್ರಕ್ಕೆ ಗೊತ್ತಿರೋದು ತನ್ನ ಕಾಲ ಕೆಳಗಿನ ನೆಲ ಅಷ್ಟೇ. ಆಚೆ ಗುಡ್ಡ ಇರಲಿ, ಹಳ್ಳ ಇರಲಿ, ಇಲ್ಲಿ ಕಡ್ಡಿ ಹೀಗೇ ಮಲಗುತ್ತೆ. ಆ ಗುಡ್ಡ ಕೊಯ್ದ್ರೂ ಅಷ್ಟೇ, ಕೊಯ್ಯದಿದ್ರೂ ಅಷ್ಟೇ. ಇದು ಇಲ್ಲಿಯ ವಿಷಯ ಮಿಸ್, ಅಲ್ಲಿಯದಲ್ಲ."

ತಂಗಿ ಸೀಮೆಸುಣ್ಣವನ್ನು ಆ ಹುಡುಗಿಯ ಕಡೆ ಚಾಚಿದಳು. ಆಕಳಿಕೆ ಬೆಂಚುಗಳ ನಡುವಿನಿಂದ ಬಂದು, ಕರಿಹಲಗೆಯ ಮೇಲೆ ತನ್ನದೇ ಹುಚ್ಚು ವಕ್ರರೇಖೆಗಳನ್ನು ಎಳೆದಳು. ಹಾವಿನಂತೆ ಹರಿಯುವುದು, ಅಲೆಯಂತೆ ಏಳುವುದು. ಒಂದೊಂದಕ್ಕೂ ಒಂದು ಸ್ಪರ್ಶಕ, ಒಂದೊಂದು ಸ್ಪರ್ಶಕವೂ ದೂರದಲ್ಲಿ ಹೋಗಿ ತನ್ನ ರೇಖೆಯನ್ನೇ ಕಡಿಯುವಂತೆ. "ಅಲ್ಲ" ಎಂದು ಕೈ ಎತ್ತಿದವರೇ ಈಗ ಎದ್ದು ಬಂದು, "ನನಗೂ ಕೊಡೇ", "ಇದರದು ನಾನು ಹೇಳ್ತೀನಿ, ಇಲ್ಲಿ ಇಳಿಜಾರು ಋಣಾತ್ಮಕ!" ಎಂದು ಸುಣ್ಣಕ್ಕೆ ಕಿತ್ತಾಡಿದರು. ಗಂಟೆ ಹೊಡೆಯಿತು. ಒಬ್ಬರೂ ಹೊರಗೆ ಹೋಗಲಿಲ್ಲ. ನನ್ನ ಇಡೀ ಜೀವಮಾನದಲ್ಲಿ ನಾನು ಕಂಡ ಪವಾಡಗಳಲ್ಲಿ ಇದೊಂದನ್ನು ಮಾತ್ರ ಉಬ್ಬಿಸಬೇಕಾದ ಅಗತ್ಯವಿಲ್ಲ.

ಪರೀಕ್ಷಕಿ ಎದ್ದು ಮುಂದೆ ಬಂದರು. ನೀಲಿ ಹಲಗೆಯ ಮೊಂಡು ಗುಡ್ಡವನ್ನು ಬೆರಳಿನಿಂದ ಸವರಿದರು.

"ಬಹಳ ಚೆನ್ನಾಗಿತ್ತು. ಈ ಗುಡ್ಡ ಇಲ್ಲದಂತೆ ಮಾಡಿ, ಮಕ್ಕಳೇ ಅದನ್ನ ಹುಡುಕೋ ಹಾಗೆ ಬಲೆ ಹಾಕಿದ್ದೀರಲ್ಲ, ಇದು ಯಾರ ಉಪಾಯ?"

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಎಲ್ಲ ಗೊತ್ತಿದ್ದೂ ನನ್ನ ನಾಲಿಗೆ ನನಗಿಂತ ಮೊದಲು ಎದ್ದು ನಿಂತಿತು.

"ನಂದೇ ಮೇಡಂ! ತಿಂಗಳುಗಟ್ಟಲೆ ಯೋಚಿಸಿ ಹಾಕಿದ ಬಲೆ. ಮಕ್ಕಳು ಎಲ್ಲಿ ಎಡವುತ್ತಾರೆ, ಯಾರು ಏನು ಕೇಳುತ್ತಾರೆ, ಎಲ್ಲಾ ಮೊದಲೇ ಲೆಕ್ಕ ಹಾಕಿ ತಂಗಿಗೆ ಹೇಳಿಕೊಟ್ಟಿದ್ದೆ."

"ಓಹೋ!" ಎಂದರು ರೇಡಿಯೋ ಮೇಷ್ಟ್ರು. "ಅಂದ್ರೆ ಅಣ್ಣ ತಂಗಿ ಸೇರಿ ಆಡಿಸಿದ ನಾಟಕ. ನಾನು ಎದ್ದು ಕೇಳ್ತೀನಿ ಅಂತಾನೂ ಬರೆದಿಟ್ಟಿದ್ರಾ? ಕೇಳಿದ್ರಾ ಮೇಡಂ, ನಂದು ಕಂಠಪಾಠ ಅಂತಾರೆ. ಇದೇನು ಮತ್ತೆ?"

ಪರೀಕ್ಷಕಿಯ ಮುಖದಲ್ಲಿದ್ದ ಬೆಳಕು ಆರಿತು. ತಂಗಿಯ ಕಡೆ ತಿರುಗಿದರು. "ಹೌದೇನಮ್ಮಾ? ಅಂದುಕೊಳ್ಳದ ಪ್ರಶ್ನೆ ಎದುರಾದ್ರೆ ನೀವೇನು ಮಾಡ್ತೀರಿ ಅನ್ನೋದನ್ನ ನೋಡೋಕೆ ನಾನು ಬಂದದ್ದು. ಎಲ್ಲಾ ಮೊದಲೇ ಕಟ್ಟಿದ್ದಾದ್ರೆ ನಾನು ನೋಡಿದ್ದಕ್ಕೆ ಏನು ಬೆಲೆ?"

ಅಣ್ಣ ಸುಳ್ಳುಗಾರ ಎಂದು ತುಂಬಿದ ತರಗತಿಯಲ್ಲಿ ಹೇಳಲು ತಂಗಿಗೆ ನಾಲಿಗೆ ಏಳಲಿಲ್ಲ. ನನ್ನ ಕಡೆಗೂ ನೋಡಲಿಲ್ಲ. ನೋಡಿದ್ದರೆ ತಡೆದುಕೊಳ್ಳಬಹುದಿತ್ತು.

ಪರೀಕ್ಷಕಿ ನನ್ನನ್ನೇ ದಿಟ್ಟಿಸಿದರು. "ಯೋಚನೆ ಮಾಡಿ ಕೊಯ್ದಿದ್ರೆ, ಕೊಯ್ದ ತುಂಡನ್ನ ಆಮೇಲೆ ಜೋಡಿಸಿ ತೋರಿಸೋದೂ ನಿಮ್ಮ ಯೋಜನೆಯಲ್ಲಿ ಇರಬೇಕಲ್ಲ. ಎಲ್ಲಿದೆ ಆ ತುಂಡು? ತನ್ನಿ ನೋಡೋಣ."

"ಅದು... ಅದು ಬೀಗದಲ್ಲಿದೆ ಮೇಡಂ."

"ಸರ್," ಎಂದಿತು ಮುಂದಿನ ಬೆಂಚು, ಪಾಪದ ದನಿಯಲ್ಲಿ, "ನಿಮ್ಮ ಕೋಣೆ ಬಾಗಿಲು ಗಾಳಿಗೆ ಬಡಿಯದ ಹಾಗೆ ಕೆಳಗೆ ಸಿಗಿಸಿದ್ದೀರಲ್ಲ, ಅದೇ ಅಲ್ವಾ?"

ತರಗತಿ ಘೊಳ್ಳೆಂದಿತು. ನಾನು ಇಂಗು ತಿಂದ ಮಂಗನಾದೆ. ಇನ್ನೊಂದು ಸುಳ್ಳು ಬಾಯಿಯ ಬಾಗಿಲಿಗೆ ಬಂದು ನಿಂತಿತ್ತು, ಬಹಳ ಚೆಂದದ್ದು, ಒಳಗೆ ಒಬ್ಬ ಮಂತ್ರಿಯೂ ಒಂದು ಆನೆಯೂ ಇದ್ದರು. ಅದನ್ನು ನುಂಗಿಕೊಂಡೆ. ಗಂಟಲಲ್ಲಿ ಇಳಿಯುವಾಗ ಆನೆ ಇಳಿದ ಹಾಗೇ ಆಯಿತು.

"ಮೇಡಂ, ಬಲೆಯೂ ಇಲ್ಲ, ಮಣ್ಣೂ ಇಲ್ಲ," ಎಂದೆ. "ಸ್ಪರ್ಶಕ ಒಂದೇ ಕಡೆ ಮುಟ್ಟಬೇಕು ಅಂತ ನಾನೂ ನಂಬಿದ್ದೆ. ಈಗ ಕೈ ಎತ್ತಿದ ಮಕ್ಕಳ ಹಾಗೇ. ನಿನ್ನೆ ಕಡ್ಡಿ ಹೋಗಿ ಆ ಗುಡ್ಡಕ್ಕೆ ಬಡೀತು. ತಂಗಿ ಚಿತ್ರ ತಪ್ಪು ಬರೆದಿದ್ದಾಳೆ, ಮಾನ ಹೋಗುತ್ತೆ ಅಂತ ಅವಳಿಗೆ ಹೇಳದೆ ಕೊಯ್ದೆ. ಗೊತ್ತಾಗಬಾರದು ಅಂತ ಬಣ್ಣ ಬಳಿದೆ. ಬಟ್ಟೆ ಎಳೆಯೋ ತನಕ ಅವಳು ಇದನ್ನ ನೋಡೇ ಇಲ್ಲ. ನಾನು ಹಾಳು ಮಾಡಿದ್ದನ್ನ ಅವಳು ಇಲ್ಲೇ, ನಿಮ್ಮೆಲ್ಲರ ಕಣ್ಣೆದುರಿಗೇ, ಪಾಠ ಮಾಡಿದಳು. ಅದರಲ್ಲಿ ನಂದು ಅಂತ ಇರೋದು ತಪ್ಪು ಒಂದೇ."

ಆಮೇಲೆ ಆ ಗಂಭೀರ ಪರೀಕ್ಷಕಿ ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇಷ್ಟು ಒಳ್ಳೆ ತಪ್ಪು ಬೇಕು ಅಂದ್ರೂ ಮಾಡೋಕೆ ಬರಲ್ಲ ಮೇಷ್ಟ್ರೇ," ಎಂದವರು ಹೆಡ್‌ಮಾಸ್ಟರ ಕಡೆ ತಿರುಗಿದರು. "ನಾನು ನೋಡಬೇಕಾದ್ದನ್ನ ನೋಡಿದೆ. ತರಗತಿ ಇವರಿಗೆ ಕೊಡಿ. ಇವತ್ತಿಂದಲೇ."

ರೇಡಿಯೋ ಮೇಷ್ಟ್ರು ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ ಕರಿಹಲಗೆಯ ಹತ್ತಿರ ಹೋಗಿ ಆಕಳಿಕೆಯ ಹಾವಿನ ರೇಖೆಯನ್ನು ಬಗ್ಗಿ ನೋಡಿ, "ಈ ಬಿಂದುವಿನಲ್ಲಿ ಎಷ್ಟಮ್ಮಾ?" ಎಂದು ಕೇಳಿದರು. ಅವಳು, "ಎಷ್ಟು ಅಂತ ಆಮೇಲೆ ಸರ್, ಮೊದಲು ಯಾಕೆ ಅಂತ ಹೇಳ್ತೀನಿ," ಎಂದಳು. ಅವರು ನಕ್ಕು, ಮೇಜಿನ ಅಂಚಿಗೆ ಒರಗಿ, ಕೇಳಲು ನಿಂತರು.

ತಂಗಿ ನನ್ನ ಹತ್ತಿರ ಬಂದಳು. ಕಣ್ಣು ತುಂಬಿಕೊಂಡಿತ್ತು, ಕೈಯೆಲ್ಲ ಸುಣ್ಣ.

"ಗುಡ್ಡ ಕೊಯ್ದಿಯಲ್ಲೋ ಅಣ್ಣಾ! ಕಡ್ಡೀನ ಸ್ವಲ್ಪ ಮುಂದಕ್ಕೆ ಸರಿಸಿದ್ರೆ ಹಲಗೆ ಮುಂದೆ ಹಾದು ಹೋಗ್ತಿತ್ತಲ್ಲ!"

ಉಗುರಲ್ಲಿ ಹೋಗುವುದಕ್ಕೆ ನಾನು ಕೊಡಲಿ ತೆಗೆದುಕೊಂಡಿದ್ದೆ. ಅಷ್ಟರಲ್ಲಿ ಇಡೀ ಊರು ಎದ್ದು ನಿಂತು ನನಗಾಗಿ ಚಪ್ಪಾಳೆ ತಟ್ಟಿತು.

ಸರಿ, ಇಡೀ ಊರಲ್ಲ. ಒಂದು ತರಗತಿ. ತಟ್ಟಿದ್ದೂ ನನಗಲ್ಲ, ಅವಳಿಗೆ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಮಾತ್ರ ನಾನು.